ಸ್ಟುಡಿಯೋದವರ ಮೋಟರ್‌ಸೈಕಲ್

ಮದೀನಾಬೀ ಕರುಣೆಯಿಲ್ಲದ ಹೆಂಗಸು. ಹೆಣ್ಣು ಕೇಳಲು ಸರದಾರಸಾಬ ಕಳಿಸಿದ್ದ ಫೋಟೋದಲ್ಲಿ ಅವನು ಯಾದಗಿರಿಯ ಸ್ಟುಡಿಯೋದವರ ಮೋಟರ್‌ಸೈಕಲ್ ಏರಿ ಕುಳಿತಿದ್ದ. ಮದುವೆಯಾಗಿ ಶಹಾಪುರಕ್ಕೆ ಬಂದವಳಿಗೆ ಕಂಡದ್ದು ಹರಕು ಸೀಟಿನ ಸೈಕಲ್ಲು. ಫೋಟೋಕ್ಕೆ ಕಟ್ಟು ಹಾಕಿಸಿ ಅವನ ಕಣ್ಣೆದುರೇ ತೂಗುಹಾಕಿದಳು. ಊಟಕ್ಕೆ ಕೂತಾಗಲೆಲ್ಲ, "ನವಾಬರ ಗಾಡಿ ಎಲ್ಲಿ ನಿಂತೈತಿ?" ಎಂದು ಚುಚ್ಚುವಳು. ಅವನು ತಲೆ ತಗ್ಗಿಸಿ ತುತ್ತು ನುಂಗುವನು.

ಎಷ್ಟೋ ವರ್ಷಗಳ ಮೇಲೆ, ಮೊಮ್ಮಗಳು ಗುಡ್ಡಿಯನ್ನು ಹೆಣ್ಣು ನೋಡಲು ಬಂದ ಸುರಪುರದ ಹಿರಿಯರೊಬ್ಬರು ಗೋಡೆ ನೋಡಿ ಅರಳಿದರು: "ಇಂಥಾ ಗಾಡಿ ನಮ್ಮಪ್ಪಂದೂ ಇತ್ರಿ. ಇದು ನಿಮ್ದೇನ್ರಿ?"

ಇನ್ನು ಮಾನ ಹೋಯಿತೆಂದು ಸರದಾರಸಾಬ ನೆಲ ನೋಡಿದ.

"ಮತ್ತ ಯಾರದ್ರಿ? ನನ್ನ ಹಿಂದ ಕೂಡಿಸ್ಕೊಂಡು ಕೊಡೇಕಲ್ ತನಕ ಹೋಗಿದ್ರು," ಎಂದಳು ಮದೀನಾಬೀ.

ಅವನ ತಲೆ ಇನ್ನಷ್ಟು ಬಾಗಿತು. ಅವಳು ಎದ್ದು ಸೆರಗಿನಿಂದ ಫೋಟೋದ ಧೂಳು ಒರೆಸಿದಳು.