ಹಸೆಮಣೆಯಾದ ಹೊಸಿಲು

ನಮ್ಮ ಮಧುಗಿರಿಯ ಬೊಮ್ಮಣ್ಣನಿಗೆ ಒಂದು ಹುಚ್ಚಿತ್ತು. ಊರಾಚೆಯ ತಿಪ್ಪೆಯಲ್ಲಿ ಮರದ ತುಂಡು ಕಂಡರೆ ಸಾಕು, ಹೆಗಲ ಮೇಲೆ ಹೊತ್ತು ತರುತ್ತಿದ್ದ. ಪ್ಲೇಗು ಬಂದ ವರ್ಷ ಸತ್ತವರ ಮನೆಗಳನ್ನು ಬಿಚ್ಚಿ, ತೊಲೆ, ಬಾಗಿಲು ಎಲ್ಲ ಅಲ್ಲಿ ರಾಶಿ ಹಾಕಿದರು. ಮಾರಿಯ ಮರ ಎಂದು ಯಾರೂ ಮುಟ್ಟಲಿಲ್ಲ. ಬೊಮ್ಮಣ್ಣ ಅದನ್ನು ಬಿಸಿಲಿಗೆ ಹಾಕಿ, ಸುಣ್ಣದ ನೀರೆರಚಿ, ಕೆತ್ತಿ ಒಪ್ಪ ಮಾಡಿದ. ಆಚಾರಿಯಲ್ಲ, ರಾಗಿ ಬೆಳೆಯುವವನು. ಆದರೂ ಕೈಯಲ್ಲಿ ಕೆಲಸವಿತ್ತು. ಒನಕೆ ಬೇಕು, ನೊಗ ಬೇಕು, ತೊಟ್ಟಿಲು ಬೇಕು ಎಂದು ಅದೇ ಜನ ಕತ್ತಲಾದ ಮೇಲೆ ಬಂದು ಒಯ್ದರು. ಥೂ, ನಮ್ಮ ಜನವೇ!

ಅವನಿಗಿದ್ದವಳು ಒಬ್ಬಳೇ ಮಗಳು, ಕದರಮ್ಮ. ತಾಯಿಯಿಲ್ಲದ ಹುಡುಗಿ, ವಯಸ್ಸು ಮೀರುತ್ತಿತ್ತು. ಅವಳನ್ನೊಂದು ದಡ ಸೇರಿಸಿದರೆ ಸಾಕು, ಆಮೇಲೆ ನಾನು ಸತ್ತರೂ ಚಿಂತೆಯಿಲ್ಲ ಅನ್ನುತ್ತಿದ್ದ. ಅಂತೂ ತೋವಿನಕೆರೆ ಕಡೆಯ ಒಂದು ಸಂಬಂಧ ಕೂಡಿಬಂತು.

ಮಗಳು ಕೂರುವ ಹಸೆಮಣೆಯನ್ನು ತಾನೇ ಮಾಡಬೇಕೆಂದು ಅವನಿಗೆ ಆಸೆ. ರಾಶಿಯಲ್ಲಿದ್ದ ಹೊನ್ನೆ ಮರದ ಹಳೆಯ ಹೊಸಿಲನ್ನು ಸೀಳಿ ಜೋಡಿಸಿದ. ಬಾಗಿಲ ಕೀಲು ತಿರುಗುತ್ತಿದ್ದ ಗುಳಿ ಅಡಿಭಾಗದಲ್ಲಿ ಹಾಗೇ ಉಳಿಯಿತು. ನಾನು ಪಕ್ಕದ ಮನೆಯವಳು, ಕಣ್ಣಿಗೆ ಬಿತ್ತು.

"ಅಣ್ಣ, ಆ ಗುಳಿ ಮುಚ್ಚಬಾರ್ದಾ?"

"ನೆಲದ ಕಡೆ ಇರೋದ್ನ ಯಾರು ನೋಡ್ತಾರೆ ಬುಡು ಕಣಮ್ಮ."

ಮದುವೆಯ ದಿನ ಗಂಡು ಹೆಣ್ಣು ಕೂತರು. ಮಣೆ ಒಂದು ಕಡೆ ಅಲುಗಾಡಿತು. ಇಬ್ಬರನ್ನೂ ಎಬ್ಬಿಸಿ, ಕೆಳಗೊಂದು ಕಲ್ಲು ಕೊಡೋಣವೆಂದು ಗಂಡಿನ ಸೋದರಮಾವ ತಿಪ್ಪಯ್ಯ ಮಣೆ ಎತ್ತಿದ. ಗುಳಿ ಕಂಡಿತು. ಅದರ ಪಕ್ಕದಲ್ಲಿ ಯಾವ ಪುಣ್ಯಾತ್ಗಿತ್ತಿ ಹಚ್ಚಿದ್ದಳೋ, ಅರಿಶಿನದ ಕಲೆ.

"ಲೇ ಬೊಮ್ಮಣ್ಣ, ಇದು ಹೊಸ್ಲು ಕಣ್ಲಾ! ಮಾರಿ ಹೊಕ್ಕಿದ್ ಮನೆ ಹೊಸ್ಲ ಮ್ಯಾಲೆ ನಮ್ ಹುಡುಗನ್ನ ಕೂರಿಸ್ಬುಟ್ಟಲ್ಲೋ!"

"ಕೆತ್ತಿದ್ಮ್ಯಾಲೆ ಎಲ್ಲಾ ಮರಾನೇ ಅಲ್ವಾ ಬೀಗ್ರೇ?"

"ಹೊಸ್ಲ ಮ್ಯಾಲೆ ಕೂರ್‍ಬಾರ್ದು ಅಂತ ಎಳೆ ಮಗೀಗೂ ಗೊತ್ತು. ನಿಂಗೆ ಗೊತ್ತಿಲ್ವಾ?"

ಬೊಮ್ಮಣ್ಣ ಕಾಲು ಹಿಡಿದ. ಗಂಡು ಬಾಸಿಂಗ ಬಿಚ್ಚಿ ನಡೆದ. ತಾಳಿ ತಟ್ಟೆಯಲ್ಲೇ ಉಳಿಯಿತು. ಅವರು ಬಂದ ಗಾಡಿಯ ನೊಗವೂ ಅದೇ ರಾಶಿಯ ಮರದ್ದು, ಹೋದ ಸುಗ್ಗಿಯಲ್ಲಿ ಇವನೇ ಮಾಡಿಕೊಟ್ಟದ್ದು. ಆ ನೊಗಕ್ಕೇ ಎತ್ತು ಹೂಡಿಕೊಂಡು ಹೊರಟರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಏನು ಬಂತು? ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಸೆ ಏರಿ ಇಳಿದ ಹುಡುಗಿಯನ್ನು ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ. ಒಂದು ದಿನ ಬೊಮ್ಮಣ್ಣ ಮಣೆಯನ್ನು ಅಂಗಳಕ್ಕೆಸೆದು ಕೊಡಲಿ ಎತ್ತಿದ. ಕದರಮ್ಮ ಓಡಿಬಂದು ಅವನ ಕೈ ಹಿಡಿದಳು.

"ಒಡೀಬ್ಯಾಡ ಕಣಪ್ಪ. ನಮ್ ಬಾಗ್ಲಿಗೇ ಹೊಸ್ಲು ಮಾಡಿ ಹಾಕ್ಬುಡು. ನಾನೇನು ಅದ್ನ ದಾಟಿ ಗಂಡನ ಮನೆಗೆ ಹೋಗಾಕಿಲ್ವಲ್ಲ."