ಅಮ್ಮ ಶಾಕ್ ಅಬ್ಸಾರ್ಬರ್ ಹಾಕಿದ ದಿನ

ಇವತ್ತು ಮೂಡಿಗೆರೆಯ ಗ್ಯಾರೇಜಿನಲ್ಲಿ ತುಕ್ಕು ಹಿಡಿದ ನಟ್ಟಿಗೆ ಸುರಿದ ಸೀಮೆಎಣ್ಣೆಯ ವಾಸನೆ ಬಡಿದದ್ದೇ, ಅಮ್ಮನ ಆ ದಿನದ ಸಿಟ್ಟು ನೆನಪಾಯಿತು.

ನಮ್ಮ ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಹೋಗಿದ್ದವು. ಸೊಂಟ ಮುರಿದಿದ್ದ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಪ್ರತಿ ಗುಂಡಿಗೂ ಅವರು ಹಿಂದಿನ ಸೀಟಿನಲ್ಲಿ ಚೀರುತ್ತಿದ್ದರು. ಅಪ್ಪ ತಂದಿಟ್ಟ ಹೊಸ ಜೋಡಿ ತಿಂಗಳುಗಟ್ಟಲೆ ಜಗಲಿಯಲ್ಲೇ ಬಿದ್ದಿತ್ತು. ಅಮ್ಮ ಕೇಳಿದರೆ, "ರಸ್ತೆನೇ ಹಾಗಿದೆ, ನಾನೇನ್ ಮಾಡ್ಲಿ ಮಾರಾಯ್ತಿ?" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅಮ್ಮ ಸೆರಗು ಸಿಕ್ಕಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಾರಿಗೆ ಜಾಕ್ ಹಾಕಿದಳು. ಕಾರಿನಡಿ ಮರದ ದಿಮ್ಮಿಯನ್ನೂ ಇಟ್ಟಳು.

"ಅದು ಹೆಂಗಸರ ಕೆಲ್ಸ ಅಲ್ಲ, ಬಿಡು," ಎಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ.

"ಅದು ನಿಮ್ಮ ಅಮ್ಮನ ಸೊಂಟ ಕಣ್ರೀ! ಅವ್ರು ಅಳೋದು ನಿಮ್ಗೆ ಕೇಳ್ಸೋದೇ ಇಲ್ವಾ?"

ತುಕ್ಕು ಹಿಡಿದ ನಟ್ಟು ಸೀಮೆಎಣ್ಣೆ ಸುರಿದರೂ ಜಗ್ಗದಿದ್ದಾಗ ಅಮ್ಮ ಸ್ಪ್ಯಾನರಿನ ಮೇಲೆ ನಿಂತೇ ತಿರುಗಿಸಿದಳು. ಕೊನೆಗೆ ಕೈಯಿಂದ ಬಿಚ್ಚುವಾಗ ಬೆರಳ ಗೆಣ್ಣು ಸುಲಿದು ರಕ್ತ ಬಂತು. ಅಪ್ಪ ಏಳಲಿಲ್ಲ.

ಹೊಸ ಜೋಡಿ ಹಾಕಿ ಮುಗಿದ ಮೇಲೆ, ಮಧ್ಯಾಹ್ನ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಅಜ್ಜಿ ಕೇಳಿದರು, "ಏನೇ, ರಸ್ತೆ ಮಾಡಿದ್ರಾ?"

"ಇಲ್ಲ ಅತ್ತೆ. ನಿಮ್ಮ ಮಗ ಮಾಡ್ಬೇಕಿದ್ದ ಕೆಲ್ಸ ನಾನು ಮಾಡ್ದೆ."

ಕಾರು ಓಡಿಸುತ್ತಿದ್ದ ಅಪ್ಪ ಹಾರ್ನ್ ಒತ್ತಿ ಮುಂದಿನ ಲಾರಿಯನ್ನು ಹಿಂದಿಕ್ಕಿದರು.

ಇವತ್ತು ಗ್ಯಾರೇಜಿನ ಬೆಂಚಿನಲ್ಲಿ ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ಅಮ್ಮ ಅವರನ್ನು ಎಂದೋ ಕ್ಷಮಿಸಿದ್ದಾಳೆ. ನನ್ನಿಂದ ಇನ್ನೂ ಆಗಿಲ್ಲ.