ಡೇರೆ ಕಟ್ಟುತ್ತಿದ್ದ ಉಳಿವೆಪ್ಪ

ಹಾನಗಲ್ಲಿನ ಉಳಿವೆಪ್ಪ ಸರಕಾರಿ ಡೇರೆ ಕಟ್ಟುವ ಕೆಲಸಕ್ಕೆ ಸೇರಿದ್ದು ೧೯೩೧ರ ಚಳಿಗಾಲದಲ್ಲಿ. ಆಗೆಲ್ಲ ದೊಡ್ಡ ಸಾಹೇಬರು ಚಳಿ ಬಿದ್ದ ಕೂಡಲೇ ತಾಲೂಕುಗಳ ಮೇಲೆ ಫಿರತಿ ಹೊರಡುತ್ತಿದ್ದರು. ಒಮ್ಮೆ ಹಿರೇಬೆಂಡಿಗೇರಿಯ ಮಾವಿನ ತೋಪು, ಇನ್ನೊಮ್ಮೆ ಆಡೂರಿನ ಕೆರೆಯ ದಂಡೆ, ಅಲ್ಲಿಂದ ಹಿರೇಕೆರೂರು. ಅವರ ಕುದುರೆ ಬರುವಷ್ಟರಲ್ಲಿ ಸಾಮಾನಿನ ಚಕ್ಕಡಿಗಳು ಮುಂದೆ ಹೋಗಿ ಡೇರೆಗಳು ನಿಂತಿರಬೇಕು. ಅವನ್ನು ಎಬ್ಬಿಸುವ ಆಳುಗಳಿಗೆ ಖಲಾಶಿ ಎನ್ನುತ್ತಿದ್ದರು.

ಉಳಿವೆಪ್ಪನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಹೊಲವನ್ನು ಅಣ್ಣ ಹೊಳಬಸಪ್ಪ ನೋಡಿಕೊಳ್ಳುತ್ತಿದ್ದ. ಊರೂರು ತಿರುಗುವ ಈ ಕೆಲಸ ಇವನಿಗೆ ಹಬ್ಬದಂತೆ ಕಂಡಿತು. ಹೋದ ಹೋದ ಊರಿನ ಬಾವಿಯ ನೀರು ಕುಡಿದು ನೋಡುವುದು, ತಿರುಗಿ ಬಂದು ಎಲ್ಲಿಯ ನೀರು ಸಿಹಿ, ಎಲ್ಲಿಯದು ಸಪ್ಪೆ ಎಂದು ಓಣಿಯವರಿಗೆಲ್ಲ ಹೇಳುವುದು ಅವನ ಚಟ.

ಗಂಟು ಕಲಿಸಿದವನು ಸವಣೂರಿನ ಮುದುಕ ಖಲಾಶಿ ಶಹಾಬುದ್ದೀನ. ಕಲಿಸುವಾಗ ಅವನು ಹಗ್ಗ ನೋಡಗೊಡುತ್ತಿರಲಿಲ್ಲ.

"ಮಾರಿ ಆ ಕಡೆ ಮಾಡಲೇ. ಗಾಳಿ ಬಂತಂದ್ರ ಕಣ್ಣಾಗ ಮಣ್ಣು ಬೀಳ್ತೈತಿ, ಆವಾಗ ಏನ್ ನೋಡ್ತಿ? ಬೆರಳಿಗೆ ಗೊತ್ತಾಗಬೇಕು."

ಮೊದಲು ಗೂಟಕ್ಕೆ ಹಾಕುವ ಗಂಟು. ಅದು ಹಗ್ಗ ಸಡಿಲಾದಾಗ ಮೇಲೆ ಸರಿಸಿದರೆ ಬಿಗಿಯಾಗಬೇಕು, ತಾನಾಗಿ ಕೆಳಗೆ ಜಾರಬಾರದು. ಆಮೇಲೆ ದಪ್ಪ ಹಗ್ಗಕ್ಕೆ ತೆಳ್ಳನೆಯದನ್ನು ಕೂಡಿಸುವುದು. ಆಮೇಲೆ ಚಕ್ಕಡಿಯ ಹೇರಿಗೆ ಹಾಕಿ, ತುದಿ ಎಳೆದೊಡನೆ ಬಿಚ್ಚಿಕೊಳ್ಳುವ ಕುಣಿಕೆ. ಉಳಿವೆಪ್ಪ ಹಾಕಿದ್ದೆಲ್ಲ ಕಗ್ಗಂಟಾಯಿತು. ಒಂದನ್ನು ಬಿಡಿಸಲಾರದೆ ಕುಡುಗೋಲಿನಿಂದ ಕೊಯ್ದೇಬಿಟ್ಟ. ಶಹಾಬುದ್ದೀನ ಬೈಯಲಿಲ್ಲ. ಪುಂಡಿಯ ನಾರು ತಂದು ಮುಂದೆ ಸುರಿದು, ಅಷ್ಟೇ ಉದ್ದದ ಹೊಸ ಹಗ್ಗ ಹೊಸೆಯಲು ಹಚ್ಚಿದ. ಅಂಗೈಗೆ ಬೊಬ್ಬೆ ಬಂತು. ಮರುವರ್ಷ ಹಿರೇಕೆರೂರಿನ ಬಯಲಿನಲ್ಲಿ ಉಳಿವೆಪ್ಪ ದೊಡ್ಡ ಡೇರೆಯ ಸುತ್ತ ಮಾತಾಡುತ್ತಲೇ ನಡೆದು ಎಲ್ಲ ಗೂಟಗಳಿಗೂ ಹಗ್ಗ ಬಿಗಿದ. ಮುದುಕ ಒಂದೊಂದನ್ನೇ ಜಗ್ಗಿ ನೋಡಿ, ಬೀಡಿ ಹಚ್ಚಿಕೊಂಡು ನೆರಳಿಗೆ ಹೋಗಿ ಕೂತ. ಅದೇ ಅವನ ಶಾಬಾಸ್‌ಗಿರಿ.

ಉಳಿವೆಪ್ಪನಿಗೆ ತಿಪ್ಪವ್ವನ ಜೊತೆ ಲಗ್ನವಾಯಿತು. ಮಕ್ಕಳಾಗಲಿಲ್ಲ. ಶಹಾಬುದ್ದೀನ ವಯಸ್ಸಾಗಿ ಸವಣೂರು ಸೇರಿದ ಮೇಲೆ ಇವನೇ ಖಲಾಶಿಗಳ ಹಿರಿಯನಾದ. ಯುದ್ಧ ಸುರುವಾದ ವರ್ಷವೇ ಇರಬೇಕು, ಒಂದು ಮುಂಜಾನೆ ಒಲೆಯ ಮೇಲೆ ಕುದಿಯುತ್ತಿದ್ದ ಅಂಬಲಿಯ ಗಡಿಗೆಯನ್ನು ಬರಿಗೈಯಲ್ಲಿ ಇಳಿಸಿಬಿಟ್ಟ. ತಿಪ್ಪವ್ವ ಚೀರಿದಳು.

"ಏನಾತ?" ಎಂದು ಕೇಳಿ, ಬೆರಳು ನೋಡಿಕೊಂಡು ನಕ್ಕ. "ಹಗ್ಗ ಹಿಡಿದ ಕೈ. ಚರ್ಮ ಗಟ್ಟಿ ಆಗೈತಿ."

ಆ ಚಳಿಗಾಲದಲ್ಲಿ ಅವನು ಹಾಕಿದ ಗಂಟು ಜಾರಿ ಅಡಿಗೆಯ ಡೇರೆ ಒಂದು ಮಗ್ಗುಲಿಗೆ ಕುಸಿಯಿತು. ಹಗ್ಗ ಹಸಿಯಾಗಿತ್ತು ಎಂದು ಜೊತೆಯವರಿಗೆ ಹೇಳಿದ. ಆಮೇಲೆ ಚಕ್ಕಡಿಯ ಮರೆಗೆ ಹೋಗಿ ಕಣ್ಣು ಮುಚ್ಚಿ ಹಗ್ಗ ಹಿಡಿದು ನೋಡಿದ. ಕಿರುಬೆರಳಿಗೂ ಅದರ ಪಕ್ಕದ್ದಕ್ಕೂ ಹಗ್ಗ ಇದೆಯೋ ಇಲ್ಲವೋ ತಿಳಿಯಲಿಲ್ಲ.

ತಿಪ್ಪವ್ವನನ್ನು ಕರೆದುಕೊಂಡು ಹೋದಾಗ ದವಾಖಾನೆಯ ಡಾಕ್ಟರರು ಅವನ ತೋಳಿನ ಮೇಲಿದ್ದ ಮಾಸಲು ಮಚ್ಚೆಗೆ ಹಕ್ಕಿಯ ಪುಕ್ಕ ಮುಟ್ಟಿಸಿ ನೋಡಿದರು; ಮುಟ್ಟಿದ್ದು ಅವನಿಗೆ ತಿಳಿಯಲಿಲ್ಲ. ಅದು ಕುಷ್ಠ. "ಎಣ್ಣಿ ಸೂಜಿ ಚುಚ್ಚತೇವಿ. ವರ್ಷಗಟ್ಟಲೆ ಬರಬೇಕಾಕ್ಕೈತಿ," ಎಂದರು. "ಹ್ವಾದ ಸ್ಪರ್ಶ ತಿರುಗಿ ಬರ್ತೈತಿ ಅಂತ ಮಾತ್ರ ನಾ ಹೇಳಂಗಿಲ್ಲ."

ಮನೆ ಹತ್ತಿರ ಬಂದಾಗ ಉಳಿವೆಪ್ಪ, "ಯಾರಿಗೂ ಹೇಳಬ್ಯಾಡ. ಕಣ್ಣಿಲೆ ನೋಡಿ ಕಲೀತೇನಿ," ಎಂದ.

ಆ ಮಳೆಗಾಲ ಹಿತ್ತಿಲ ಚಪ್ಪರದ ಕೆಳಗೆ ಕೂತು, ಬೀಸುವ ಕಲ್ಲಿನ ಗೂಟಕ್ಕೆ ಹಗ್ಗ ಹಾಕಿ ಮೊದಲಿನಿಂದ ಕಲಿಯತೊಡಗಿದ. ಎಷ್ಟೋ ವರ್ಷ ಬೆರಳು ತಾನೇ ಮಾಡಿಕೊಂಡು ಹೋದದ್ದು ಕಣ್ಣಿಗೆ ಗೊತ್ತೇ ಇರಲಿಲ್ಲ. ಹಗ್ಗ ಮೇಲಿಂದ ಬರಬೇಕೋ ಕೆಳಗಿನಿಂದಲೋ ಎಂದು ಹುಡುಕಬೇಕಾಯಿತು. ರೂಪ ಸರಿಯಾದರೂ ಬಿಗಿ ತಿಳಿಯುತ್ತಿರಲಿಲ್ಲ. ತಿಪ್ಪವ್ವ ಎದುರು ಕೂತು ಜಗ್ಗಿ ನೋಡಿ ಹೇಳಬೇಕಿತ್ತು.

"ಸಡ್ಲ ಐತ್ರಿ."

"ಈಗ?"

"ಇನ್ನೂ ಸ್ವಲ್ಪ ಎಳೀರಿ. ಹಾಂ, ಸಾಕು ಸಾಕು."

ಹಗ್ಗ ಎಷ್ಟು ಬಿಗಿದಾಗ ಅದರ ಎಳೆಗಳ ನಡುವಿನ ಸಂದು ಮುಚ್ಚುತ್ತದೆ ಎಂಬುದನ್ನು ನೋಡಿ ಲೆಕ್ಕ ಹಿಡಿಯುವುದನ್ನು ಅವನೇ ಕಂಡುಕೊಂಡ. ಅವನಿಗೆ ಹೇಳಿ ಹೇಳಿ ತಿಪ್ಪವ್ವನಿಗೂ ಎಲ್ಲ ಗಂಟುಗಳು ಬಂದವು.

ಹೀಗೆ ಕೆಲವು ಚಳಿಗಾಲ ದಾಟಿದವು. ೧೯೪೩ರಲ್ಲಿ ಆಡೂರಿನ ಕೆರೆಯ ದಂಡೆಯಲ್ಲಿ ಬಿಡಾರವಿತ್ತು. ಮಧ್ಯಾಹ್ನ ಸುಂಟರಗಾಳಿ ಎದ್ದು ದೊಡ್ಡ ಡೇರೆಯ ಗೂಟ ಕಿತ್ತಿತು. ಬಟ್ಟೆ ಉಬ್ಬಿ ಕಂಬ ವಾಲಿತು. ಒಳಗೆ ಸಾಹೇಬರಿದ್ದರು. ಆಳುಗಳು ಕೂಗುತ್ತ ಓಡಿದರು. ಉಳಿವೆಪ್ಪ ಹಾರಾಡುತ್ತಿದ್ದ ಹಗ್ಗವನ್ನು ಹಿಡಿದು, ಅದು ಎಳೆದ ಕಡೆ ತಾನೂ ಜಗ್ಗಿಸಿಕೊಂಡು ಹೋಗಿ, ಹತ್ತಿರದ ಜಾಲಿಯ ಬೊಡ್ಡೆಗೆ ಸುತ್ತಿ, ಮಣ್ಣು ತುಂಬಿದ ಕಣ್ಣನ್ನು ಕಿರಿದು ಮಾಡಿ ಗಂಟು ಹಾಕಿದ. ಗಂಟು ನಿಂತಿತು. ಡೇರೆಯೂ ನಿಂತಿತು.

ಗಾಳಿ ಇಳಿದ ಮೇಲೆ ಸಾಹೇಬರು ಹೊರಗೆ ಬಂದರು. ಉಳಿವೆಪ್ಪ ಮುಖದ ಧೂಳು ಒರೆಸಿಕೊಂಡು ನಗುತ್ತ ನಿಂತಿದ್ದ. ಅವನ ಕೆನ್ನೆಯ ಮೇಲೆ ರಕ್ತ ಮೆತ್ತಿತ್ತು. ಹಗ್ಗ ಕೆಂಪಾಗಿತ್ತು. ಅಂಗೈಯ ಮಾಂಸ ಅಡ್ಡಕ್ಕೆ ಸೀಳಿತ್ತು. ಅವನಿಗೆ ಗೊತ್ತೇ ಇರಲಿಲ್ಲ.

ಸಾಹೇಬರ ಹಿಂದೆ ಬಂದ ಕಾರಕೂನ ಅವನ ಕೈಯನ್ನೂ ಮುಖವನ್ನೂ ನೋಡಿದ. "ನೋವು ಆಗವಲ್ದೇನಲೇ ನಿನಗ?"

ಉಳಿವೆಪ್ಪ ಕೆಳಗೆ ನೋಡಿಕೊಂಡ. ಒಂದು ಗಳಿಗೆ ತಡವಾಯಿತು. ಆಮೇಲೆ ಮುಖ ಹಿಂಡಿ, "ಆಗಾಕತ್ತೈತ್ರಿ. ಭಾಳ ಆಗಾಕತ್ತೈತ್ರಿ," ಎಂದ.

"ಅಂಗಿ ತೋಳು ಮ್ಯಾಲೆ ಮಾಡು."

ಮಾಡಿದ. ಮಚ್ಚೆ ಕಂಡು ಸುತ್ತ ನಿಂತವರು ಹಿಂದೆ ಸರಿದರು. ರಕ್ತ ಹತ್ತಿದ ಹಗ್ಗವನ್ನು ಕೋಲಿನಿಂದ ಎತ್ತಿ ಸುಟ್ಟರು. ಹಾನಗಲ್ಲಿಗೆ ಹೊರಟಿದ್ದ ಚಕ್ಕಡಿಯಲ್ಲಿ ಅವನನ್ನು ಯಾರೂ ಕೂಡ್ರಿಸಿಕೊಳ್ಳಲಿಲ್ಲ. ಕೈಗೆ ಧೋತರದ ಚೂರು ಸುತ್ತಿಕೊಂಡು ನಡೆದೇ ಮನೆಗೆ ಬಂದ.

ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಹೊಳಬಸಪ್ಪ ಬಾಗಿಲಲ್ಲಿ ನಿಂತು ಅಳುತ್ತಲೇ ಹೇಳಿದ: "ಮನ್ಯಾಗ ಕೂಸುಗಳದಾವೋ ತಮ್ಮಾ. ಹೊಲದ ಬದುವಿಗೆ ಗುಡಿಸಲಾ ಹಾಕಿಕೊಡ್ತೇನಿ." ಆಮೇಲೆ ತಿಪ್ಪವ್ವನ ಕಡೆ ತಿರುಗಿದ. "ನೀ ಇಲ್ಲೇ ಇರವಾ."

"ಇಲ್ಲಿದ್ದು ನಾ ಏನ್ ಮಾಡ್ಲಿರಿ?" ಎಂದು ಅವಳು ತಾನು ಹೊದೆಯುವ ಕೌದಿ ಸುತ್ತಿ ಎತ್ತಿಕೊಂಡು ಹೊರಟಳು.

ಸೂಜಿಗೆ ಅವನು ತಪ್ಪದೆ ಹೋಗುತ್ತಿದ್ದ. ಯುದ್ಧದ ದೆಸೆಯಿಂದ ಸೂಜಿಯ ಎಣ್ಣೆ ಬರುವುದು ನಿಂತಿತು. ಅದು ತಿರುಗಿ ಬರುವಷ್ಟರಲ್ಲಿ ಅವನ ಬೆರಳುಗಳು ಒಳಗೆ ಮಡಚಿಕೊಂಡಿದ್ದವು. ಈಗ ಕಣ್ಣು ಎಷ್ಟು ನೋಡಿದರೂ ಕೈ ಮಾಡುವಂತಿರಲಿಲ್ಲ. ಪ್ರತಿವರ್ಷ ಮಳೆಗೆ ಮುಂಚೆ ಗುಡಿಸಲಿನ ಚಾವಣಿಯ ಬಿದಿರಿನ ಗಳಗಳನ್ನು ತಿಪ್ಪವ್ವನೇ ಕಟ್ಟುತ್ತಿದ್ದಳು. ಅವನು ಕೆಳಗೆ ಕೂತು, "ಎಡಕ್ಕಿಂದ ತಗೋ, ಹಂಗಲ್ಲ, ಕೆಳಗಿಂದ," ಎಂದು ಒದರುತ್ತಿದ್ದ. ಅವಳಿಗೆ ಎಲ್ಲ ಬರುತ್ತಿದ್ದರೂ ಒದರಿಸಿಕೊಳ್ಳುತ್ತಿದ್ದಳು.

೧೯೪೬ರ ಮಳೆಯ ಮುಂಚೆ ಅವನು ಏನೂ ಹೇಳಲಿಲ್ಲ. ಗಳದ ಮೇಲಿದ್ದ ತಿಪ್ಪವ್ವ ಬೇಕೆಂದೇ ಹಗ್ಗವನ್ನು ತಪ್ಪು ಕಡೆಯಿಂದ ತಂದು ಗಂಟು ಹಾಕಿದಳು.

"ಸರಿ ಐತೇನ್ರಿ?"

ಅವನು ತಲೆ ಎತ್ತಿ ನೋಡಿದ. ತಪ್ಪು ಕಾಣದಿರುವಷ್ಟು ಅವನ ಕಣ್ಣು ಮಂಜಾಗಿರಲಿಲ್ಲ.

"ನಿಂತರ ಸರಿ," ಎಂದು ಹೊಲದ ಕಡೆ ಮುಖ ತಿರುಗಿಸಿದ.

ಅವನು ಒದರಲೆಂದು ಅವಳು ಕಾದಳು. ಆಮೇಲೆ ಆ ಗಂಟನ್ನು ಬಿಚ್ಚಿ ಸರಿಯಾಗಿ ಕಟ್ಟಿ, ಮುಂದಿನ ಗಳಕ್ಕೆ ಸರಿದಳು.